ಆಚಾರಿಯ ಮರದ ದವಡೆ

ಆವತ್ತು ವಿಜಯಪುರದ ಆಚಾರಿಯ ಕೊಟ್ಟಿಗೆಯಲ್ಲಿ ಮೂವರಿದ್ದೆವು: ಆಚಾರಿ, ಯುದ್ಧದಲ್ಲಿ ಒಂದು ಕಾಲು ಕಳೆದುಕೊಂಡು ಬಂದಿದ್ದ ಆವತಿ ಊರಿನ ಸಿಪಾಯಿ, ಮುರಿದ ನೇಗಿಲು ಹೊತ್ತು ಹೋಗಿದ್ದ ನಾನು.

ಸೊಟ್ಟ ಸಾಮಾನು ಹಿಡಿಯಲು ಆಚಾರಿ ತಮ್ಮ ಕೆಲಸದ ಹಲಗೆಗೆ ಎರಡು ಮರದ ದವಡೆ ಕೂರಿಸಿದ್ದರು. ಸಾಮಾನಿನ ಉಬ್ಬುತಗ್ಗಿಗೆ ತಕ್ಕಂತೆ ದವಡೆಯ ಒಳಮೈ ಕೊರೆದು, ಚರ್ಮ ಹಾಸಿ, ಬೆಣೆ ಬಡಿಯುತ್ತಿದ್ದರು. ಒಮ್ಮೆ ಅಲುಗಿಸಿ ನೋಡಿ, "ಮೊದ್ಲು ಹಿಡಿತ ಕಣಪ್ಪಾ, ಆಮೇಲೆ ಉಳಿ" ಅನ್ನುವರು.

ಸಿಪಾಯಿಗೆಂದು ಕೆತ್ತುತ್ತಿದ್ದ ಮರದ ಕಾಲು ಅರ್ಧವಾಗುವಷ್ಟರಲ್ಲಿ ಅವರ ಬಲಗೈಗೆ ನಡುಕ ಹತ್ತಿತ್ತು. ಆ ದಿನ ಅವರು ಆ ಮರದ ಕಾಲನ್ನು ದವಡೆಯಿಂದ ಬಿಚ್ಚಿ ಸಿಪಾಯಿಯ ಕೈಗೆ ಕೊಟ್ಟರು. ತಮ್ಮ ಮುಂಗೈಯ ಅಳತೆಗೇ ಕೊರೆದಿದ್ದ ಹೊಸ ದವಡೆಯೊಳಗೆ ಉಳಿ ಹಿಡಿದ ಕೈ ಇಟ್ಟು, "ಬೆಣೆ ಹೊಡಿಯಪ್ಪಾ" ಅಂದರು ನನಗೆ.

"ಏನ್ ಆಚಾರ್ರೇ, ಕಾಲ್ ಕೇಳಿದ್ರೆ ಕೈ ಕೊಡ್ತಾ ಇದೀರಾ?" ಎಂದು ಸಿಪಾಯಿ ನಕ್ಕ.

ನಾನು ಬೆಣೆ ಹೊಡೆದೆ. ಮುಂಗೈ ಅಲುಗದೆ ನಿಂತಿತು. ಸಿಪಾಯಿ ಮರದ ಕಾಲನ್ನು ಉಳಿಯ ಬಾಯಿಗೆ ಒಡ್ಡಿದ. ಆಚಾರಿಯ ಬೆರಳುಗಳು ಮಾತ್ರ ನಡುಗುತ್ತಲೇ ಇದ್ದವು. ಉಳಿ ಜಾರಿ ನೆಲಕ್ಕೆ ಬಿತ್ತು. ಯಾರೂ ಎತ್ತಿಕೊಡಲಿಲ್ಲ.

"ಬಿಚ್ಚಪ್ಪಾ, ಸಾಕು" ಅಂದರು ಆಚಾರಿ.

ಸಿಪಾಯಿ ಅರ್ಧ ಕೆತ್ತಿದ ಕಾಲನ್ನು ಬಗಲಿಗೆ ಸಿಕ್ಕಿಸಿಕೊಂಡು, ಊರುಗೋಲಿನ ಮೇಲೆ ಕುಂಟುತ್ತ ಹೋದ. ಮಾರನೆಯ ದಿನ ಆಚಾರಿಯ ಮನೆಯವರು ಆ ದವಡೆಗಳನ್ನು ಒಲೆಗೆ ಸೌದೆಯಾಗಿ ಹಾಕಿ ರಾಗಿ ಮುದ್ದೆ ಬೇಯಿಸಿದರು.