ಬೇರೆ ಇಂಜಿನ್ ಬೇಡ ಅಂದೆ

ಅರಬೈಲು ಘಟ್ಟದಲ್ಲಿ ನಮ್ಮ ಲಾರಿ ಮತ್ತೆ ನಿಂತಿತು. ಗಾಡಿ ಓಡಿಸುತ್ತಿದ್ದ ನಮ್ಮ ಯಜಮಾನರು ತೀರಿಕೊಂಡ ಮೇಲೆ ನಾನು ಸಂಬಳಕ್ಕಿಟ್ಟುಕೊಂಡ ಡ್ರೈವರ್ ಬನವಾಸಿ ಕಡೆಯವ, ಹಟ ಹಿಡಿದ. "ಅಕ್ಕಾರ, ಚಿರೆಕಲ್ಲು ಹೇರ್ಕೊಂಡು ಅಂಕೋಲಾದಿಂದ ಮ್ಯಾಲ ಬರಾಕ ಆಗವಲ್ದು. ಇಂಜಿನ್ ಚೇಂಜ್ ಮಾಡ್ಸಿಬಿಡ್ರಿ."

ಯಲ್ಲಾಪುರದ ಗ್ಯಾರೇಜಿಗೆ ನಾನೇ ಹೋದೆ. ಮಿಸ್ತ್ರಿ ಆಯಿಲ್ ಹಾಕುವ ಮುಚ್ಚಳ ತೆಗೆದು ತೋರಿಸಿದ. ಗುಪ್ ಗುಪ್ ಅಂತ ಹೊಗೆ. ಒಳಗೆಲ್ಲ ಸವೆದಿದೆ, ಹುಬ್ಬಳ್ಳಿಯಲ್ಲಿ ಬೇರೆ ಗಾಡಿಯಿಂದ ಇಳಿಸಿದ ಒಳ್ಳೆ ಇಂಜಿನ್ ಇದೆ, ತಂದು ಕೂರಿಸೋಣ ಎಂದ. ಇದನ್ನೇ ಬಿಚ್ಚಿ ಲೈನರ್, ಪಿಸ್ಟನ್ ಹೊಸದು ಹಾಕಿ ಕಟ್ಟಬಹುದಂತೆ. "ಆದ್ರೆ ಇಷ್ಟು ಹಳೇದು, ಗ್ಯಾರಂಟಿ ಕೊಡುಕೆ ಆಗುದಿಲ್ಲ ಅಕ್ಕ."

ನನ್ನ ಯೋಚನೆಯೇ ಬೇರೆ ಇತ್ತು. ಅದನ್ನು ಗಂಡಸರ ಮುಂದೆ ಹೇಳಲು ನಾಚಿಕೆ. ನಮ್ಮಂಥ ಲಾರಿ ಮನೆಯ ಹೆಂಗಸರು ಗಂಡ ಬರುವುದನ್ನು ಕಿವಿಯಿಂದಲೇ ತಿಳಿಯುತ್ತೇವೆ. ಮದುವೆಯಾದ ಹೊಸತರಲ್ಲಿ ನನಗೆ ಗೊತ್ತಾಗುತ್ತಿರಲಿಲ್ಲ. ಹೆದ್ದಾರಿಯಲ್ಲಿ ಯಾವ ಲಾರಿ ಹೋದರೂ ಬಾಗಿಲಿಗೆ ಓಡುತ್ತಿದ್ದೆ, ಪಕ್ಕದ ಮನೆಯಾಕೆ ಬಾಯಿಗೆ ಸೆರಗು ಹಿಡಿದು ನಗುತ್ತಿದ್ದಳು. ಬರಬರುತ್ತಾ ಕಿವಿ ಪಳಗಿತು. ತಿರುವಿನಲ್ಲಿ ಗೇರು ಇಳಿಸಿದಾಗ ನಮ್ಮ ಗಾಡಿ ಕಟಕಟ ಅನ್ನುತ್ತಿತ್ತು, ಒಳಗೆ ಬರುವ ಮುಂಚೆ ಗಂಟಲು ಸರಿಮಾಡಿಕೊಳ್ಳುವ ಹಿರಿಯರ ಹಾಗೆ. ಆಗ ಮೀನು ಸಾರು ಒಲೆಗಿಟ್ಟರೆ ಅವರು ಕೈಕಾಲು ತೊಳೆಯುವಷ್ಟರಲ್ಲಿ ಕುದಿಯುತ್ತಿತ್ತು.

ಈಗ ಗಾಡಿ ತರುವವನು ಡ್ರೈವರ್ ಎಂದು ಗೊತ್ತಿದ್ದರೂ ಆ ಸದ್ದಿಗೆ ನನ್ನ ಕೈ ತಾನಾಗಿ ಒಲೆಯ ಕಡೆ ಹೋಗುತ್ತದೆ. ಆ ಒಂದು ಗಳಿಗೆ ಅವರು ಇರುತ್ತಾರೆ. ಹುಚ್ಚು ಅಂದರೆ ಅನ್ನಲಿ, ನನಗೆ ಅದು ಬೇಕಿತ್ತು.

"ಬೇರೆ ಇಂಜಿನ್ ಬೇಡ. ಇದನ್ನೇ ಕಟ್ಟು."

"ಸ್ವಲ್ಪ ಯೋಚ್ನೆ ಮಾಡಿ ಅಕ್ಕ..."

"ಎಂತ ಯೋಚ್ನೆ? ಗಾಡಿ ಯಾರದ್ದು ಮಾರಾಯ, ನಿಂದಾ ನಂದಾ?"

ಅವನು ಸ್ಪ್ಯಾನರ್ ಹಿಡಿದ. ಕೆಲಸ ಮುಗಿಯುವ ತನಕ ನಾನು ಹಬ್ಬಕ್ಕೆ ಕಾದ ಹಾಗೆ ಕಾದೆ.

ಒಂದು ಸಂಜೆ ಹಿತ್ತಿಲಲ್ಲಿ ಬಟ್ಟೆ ಒಗೆಯುತ್ತಿದ್ದೆ. "ಅಕ್ಕಾರ" ಎಂದು ಡ್ರೈವರ್ ಕರೆದ. ಅಂಗಳಕ್ಕೆ ಬಂದು ನೋಡಿದರೆ ಲಾರಿ ನಿಂತಿದೆ, ಇಂಜಿನ್ ಚಾಲೂ ಇದೆ. ಬಂದದ್ದೇ ನನಗೆ ಕೇಳಿಸಿರಲಿಲ್ಲ.

"ಆ ಕಟಕಟ ಎಲ್ಲಿ ಹೋಯ್ತು?" ಎಂದೆ.

ಅವನು ನಕ್ಕ. "ಅದ ರೋಗ ಆಗಿತ್ತಲ್ರಿ ಅಕ್ಕಾರ. ಪಿಸ್ಟನ್ ಸವದು ಬಡ್ಕೋತಿತ್ತು. ಈಗ ನೋಡ್ರಿ, ಬೆಣ್ಣಿ ಹಂಗ ಐತಿ."

ಚಲೋ ಆಯ್ತು ಅಂದೆ. ಇನ್ನೇನು ಅನ್ನಲಿ? ಬೇರೆ ಇಂಜಿನ್ ಕೂರಿಸಿದ್ದರೆ ಬೈಯಲು ಮಿಸ್ತ್ರಿಯಾದರೂ ಸಿಗುತ್ತಿದ್ದ.

ಗಾಡಿ ಈಗ ಘಟ್ಟದಲ್ಲಿ ನಿಲ್ಲುವುದಿಲ್ಲ, ಹೊತ್ತಿಗೆ ಸರಿಯಾಗಿ ಮನೆ ಸೇರುತ್ತದೆ. ಸಂಜೆ ಹೆದ್ದಾರಿಯಲ್ಲಿ ಎಷ್ಟೋ ಲಾರಿಗಳು ಹೋಗುತ್ತವೆ, ಅದರಲ್ಲಿ ನಮ್ಮದು ಯಾವುದೆಂದು ತಿಳಿಯುವುದಿಲ್ಲ. ಅವರು ಇನ್ನೊಮ್ಮೆ ತೀರಿಕೊಂಡ ಹಾಗಾಗಿದೆ, ಈ ಸಲ ನಾನೇ ಹೇಳಿ ಮಾಡಿಸಿದ್ದು.