ಮಗಳ ಬೆನ್ನಿನ ಕೊಳವೆ

ಇಂಥದ್ದನ್ನೆಲ್ಲ ನಾನು ನಂಬುತ್ತಿದ್ದವಳಲ್ಲ. ಕಂಪ್ಲಿಯ ನಮ್ಮ ಓಣಿಯಲ್ಲಿ ಯಾರಾದರೂ ಕಾಣದ ದನಿ ಕೇಳಿತು, ಸತ್ತವರು ಕರೆದರು ಎಂದರೆ ಮನಸ್ಸಿನಲ್ಲೇ ನಗುತ್ತಿದ್ದೆ. ನಿಮ್ಮ ತಾತ ತೀರಿಕೊಂಡ ಮೇಲೆ ಒಂದು ದಿನವೂ ಅವರ ದನಿ ನನಗೆ ಕೇಳಿಸಿದ್ದಿಲ್ಲ. ಅದಕ್ಕೇ ಮೊಮ್ಮಕ್ಕಳೇ, ಇದನ್ನು ಬರೆಯಲು ಇಷ್ಟು ವರ್ಷ ಹಿಂಜರಿದೆ.

ನಿಮ್ಮ ಅವ್ವನಿಗೆ ಹೊಸಪೇಟೆಯ ಒಂದು ಆಸ್ಪತ್ರೆಯಲ್ಲಿ ಹೊಟ್ಟೆ ಕೊಯ್ದು ಹೆರಿಗೆ ಮಾಡಿದ್ದರು. ಹುಟ್ಟಿದ ಕೂಸು ನಿಮ್ಮಲ್ಲಿ ದೊಡ್ಡವಳು. ನೋವು ತಿಳಿಯದಿರಲೆಂದು ಬೆನ್ನುಹುರಿಯ ಹತ್ತಿರಕ್ಕೆ ದಾರದಷ್ಟು ಸಣ್ಣ ಕೊಳವೆ ಇಳಿಸಿ, ಅದರ ಹೊರಗಿನ ತುದಿಯನ್ನು ಭುಜದ ಮೇಲೆ ತಂದು ಅಂಟಿಸಿದ್ದರು. ಅದರ ಬಾಯಿಗೆ ಗುರುತಿಗೆಂದು ಒಂದು ಹಳದಿ ಚೀಟಿ. ಕೈಯ ನರಕ್ಕೆ ಹಾಕಿದ ಉದ್ದನೆಯ ಕೊಳವೆ ಬೇರೆ ಇತ್ತು. "ಬೆನ್ನಿನ ಪೈಪಿಗೆ ನಾವೇ ಔಷಧಿ ಹಾಕ್ತೀವಿ. ಬ್ಯಾರೆ ಏನಾರ ಹೋದ್ರ ಕಾಲೇ ಬಿದ್ದುಹೋಗಬಹುದು, ಅಮ್ಮಾ" ಎಂದು ಅರಿವಳಿಕೆ ಡಾಕ್ಟರು ಹೇಳಿದ್ದರು. ನಾನು ತಲೆಯಾಡಿಸಿದೆ. ಓದಿದವರ ಮುಂದೆ ನನಗೆ ಬಾಯಿ ಬರುವುದಿಲ್ಲ.

ಮರುದಿನ ಮಧ್ಯಾಹ್ನ ನಿಮ್ಮ ಸಂಡೂರಿನ ಅಜ್ಜಿ ನೆಂಟರನ್ನು ಕಟ್ಟಿಕೊಂಡು ಬಂದರು. ಬಾಗಿಲಲ್ಲೇ ನಿಂತು, "ಏನ್ರಿ ಬೀಗ್ರ, ನನ್ನ ಸೊಸಿಗೆ ಬೋರ್‌ವೆಲ್ ಹಾಕಿಸಿದಂಗ ಎಲ್ಲಾ ಕಡೆ ಪೈಪ್ ಹಾಕ್ಸೀರಲ್ಲ!" ಎಂದರು. ಎಲ್ಲರೂ ನಕ್ಕರು. "ಹಿಂದ ಇನ್ನೂ ಮಂದಿ ಬರಾಕತ್ಯಾರ. ಜಲ್ದಿ ಮುಚ್ಚರಿ, ದೃಷ್ಟಿ ಆಗತೈತಿ."

ನನಗೆ ನಾಚಿಕೆಯಾಯಿತು. ಕೂಸಿಗೆಂದು ತಂದಿದ್ದ ಕರಿದಾರ ತೆಗೆದು, ಎರಡು ಕೊಳವೆಗಳ ಬಾಯಿಗಳನ್ನೂ ಭುಜದ ಹತ್ತಿರ ಜೋಡಿಸಿ ಸುತ್ತಿ ಕಟ್ಟಿ, ಮೇಲೆ ಸೆರಗು ಹೊದಿಸಿದೆ. ಹಳದಿ ಚೀಟಿ ದಾರದ ಕೆಳಗೆ ಹೋಯಿತು. ಅದು ಏತಕ್ಕಿತ್ತು ಎಂದು ಯೋಚಿಸಲಿಲ್ಲ.

ನೆಂಟರು ಹೋದರು, ಮಗಳು ನಿದ್ದೆಹೋದಳು. ಬೀಗಿತ್ತಿಯನ್ನು ಅಲ್ಲೇ ಕೂರಿಸಿ, ಬಿಸಿನೀರಿಗೆಂದು ಫ್ಲಾಸ್ಕ್ ಹಿಡಿದು ಗೇಟಿನ ಪಕ್ಕದ ಕ್ಯಾಂಟೀನಿಗೆ ಇಳಿದೆ. ರಸ್ತೆಯಲ್ಲಿ ತೋರಣಗಲ್ಲಿನ ಬಸ್ಸು ಬಿಡದೆ ಹಾರ್ನ್ ಹೊಡೆಯುತ್ತಿತ್ತು. ಆ ಗದ್ದಲದೊಳಗೆ, ನನ್ನ ಬಲಗಿವಿಗೆ ಬಾಯಿಟ್ಟಂತೆ, ಮಗಳ ದನಿ ಕೇಳಿತು:

"ಅವ್ವಾ, ಬೆನ್ನು ತಣ್ಣಗಾತು."

ತಿರುಗಿದೆ. ಯಾರೂ ಇಲ್ಲ. ಫ್ಲಾಸ್ಕನ್ನು ಅಲ್ಲೇ ಬಿಟ್ಟು ಓಡಿದೆ. ಎರಡು ಅಂತಸ್ತು ಹೇಗೆ ಹತ್ತಿದೆನೋ ತಿಳಿಯದು. ಪಾಳಿ ಬದಲಾಗಿ ಬಂದಿದ್ದ ಹೊಸ ನರ್ಸಮ್ಮ, ನರಕ್ಕೆ ಕೊಡಬೇಕಾದ ಔಷಧಿಯ ಸಿರಿಂಜನ್ನು ಒಂದು ಕೊಳವೆಗೆ ಸಿಕ್ಕಿಸಿ ಹೆಬ್ಬೆರಳು ಇಟ್ಟಿದ್ದಳು. ನಾನು ಅವಳ ಮುಂಗೈ ಹಿಡಿದುಬಿಟ್ಟೆ.

"ಬ್ಯಾಡ! ಅದು ಬೆನ್ನಿಂದು!"

"ಕೈ ಬಿಡ್ರಿ ಅಜ್ಜಿ, ನನ್ನ ಕೆಲಸ ನನಗ ಗೊತ್ತೈತಿ."

ಬಿಡಲಿಲ್ಲ. ಇನ್ನೊಂದು ಕೈಯಿಂದ ದಾರ ಕಿತ್ತುಹಾಕಿದೆ. ಅವಳು ಸಿರಿಂಜ್ ಸಿಕ್ಕಿಸಿದ್ದ ಕೊಳವೆಯ ಬಾಯಲ್ಲೇ ಹಳದಿ ಚೀಟಿ ಕಂಡಿತು. ಆ ಹುಡುಗಿ ಹೆಬ್ಬೆರಳು ತೆಗೆದು ಸಿರಿಂಜನ್ನು ಕಳಚಿದಳು. ಸಿರಿಂಜ್ ತುಂಬಿದ್ದು ತುಂಬಿದ ಹಾಗೇ ಇತ್ತು. ಒಂದು ಹನಿಯೂ ಒಳಗೆ ಹೋಗಿರಲಿಲ್ಲ.

ಡಾಕ್ಟರು ಬಂದಾಗ, ದಾರ ಕಟ್ಟಿದವಳು ನಾನೇ ಎಂದು ಹೇಳಿದೆ. ಅವರು ಬಯ್ಯಲಿಲ್ಲ. "ತಪ್ಪು ನಿಮ್ಮೊಬ್ಬರದಲ್ಲಮ್ಮ. ಎರಡೂ ಪೈಪಿನ ಬಾಯಿ ಒಂದೇ ಅಳತಿ ಮಾಡ್ಯಾರ. ಯಾವ ಸಿರಿಂಜಾದ್ರೂ ಎರಡಕ್ಕೂ ಕುಂದ್ರತೈತಿ. ಒಂದರದು ಇನ್ನೊಂದಕ್ಕ ಕೂರದಂಗ ಮಾಡಿದ್ರ ಈ ಚೀಟಿ ನಂಬಿ ಕೂಡೋದು ತಪ್ಪತಿತ್ತು" ಎಂದರು.

ಮಗಳು ಕರೆದದ್ದಕ್ಕೆ ಓಡಿಬಂದೆ ಎಂದೆ. ಬೀಗಿತ್ತಿ ನನ್ನ ಮುಖವನ್ನೇ ನೋಡಿದರು. "ಅಕಿ ಎಲ್ಲಿ ಕರದ್ಲು? ನಾ ಇಲ್ಲೇ ಕುಂತೀನಲ್ಲ. ಆಗಿಂದ ಗೊರಕಿ ಹೊಡಿಯಾಕತ್ಯಾಳ."

ಮರುದಿನ ಮಗಳು ನೆಲಕ್ಕೆ ಕಾಲಿಟ್ಟಾಗ ಅವಳ ಹತ್ತು ಬೆರಳುಗಳೂ ಅಲುಗುವುದನ್ನು ಒಂದೊಂದಾಗಿ ನೋಡಿದೆ. ಆಮೇಲೆ ಕೇಳಿದೆ. "ನಾ ಕರದಿಲ್ಲವ್ವ. ಕನಸೂ ಬಿದ್ದಿಲ್ಲ" ಎಂದಳು.

ತಾಯಿಯ ಹೆದರಿಕೆ ಹಾಗೆ ಮಾಡಿಸಿತು ಎಂದು ಹೇಳಿಕೊಳ್ಳೋಣವೆಂದರೆ, ಆ ಹೊತ್ತಿನಲ್ಲಿ ನನಗೆ ಹೆದರಿಕೆಯೇ ಇರಲಿಲ್ಲ. ಹಾಲು ಸಿಕ್ಕರೆ ಹಾಲೂ ಒಯ್ಯೋಣ ಎಂದುಕೊಳ್ಳುತ್ತಿದ್ದೆ. ಔಷಧಿ ಒಳಗೆ ಹೋಗದೆ ಯಾರ ಬೆನ್ನು ತಣ್ಣಗಾಯಿತು ಎಂಬುದೂ ನನಗೆ ತಿಳಿದಿಲ್ಲ.

ಈಗಲೂ ನಿಮ್ಮ ಅವ್ವ ಅಡುಗೆಮನೆಯಿಂದ "ಅವ್ವಾ" ಎಂದರೆ ನಾನು ಕೂತಲ್ಲಿಂದ ಓಗೊಡುವುದಿಲ್ಲ. ಎದ್ದು ಹೋಗಿ, ಮೊದಲು ಅವಳ ತುಟಿ ನೋಡುತ್ತೇನೆ.