ಹೊರಗಿನ ಚಿಲಕ

ಗೆಳೆಯರೇ, ಹುಮನಾಬಾದಿನ ನಮ್ಮ ಮನೆಯಲ್ಲಿ ಸಂದಿಯಿಂದ ಗಾಳಿ ನುಗ್ಗುತ್ತಿದ್ದ ಹಳೆಯ ಅಲ್ಯೂಮಿನಿಯಂ ಕಿಟಕಿ ಕೀಳಿಸಿ ಇವತ್ತು ಹೊಸದು ಹಾಕಿಸಿದೆ. ಘಾಟಬೋರಾಳದಲ್ಲಿ ಡ್ಯೂಟಿ ಮುಗಿಸಿ ಬಂದು ನೋಡಿದರೆ, ಗೋಡೆಗೆ ಗಾರೆಯೂ ಬಳಿದಾಗಿದೆ, ಚಿಲಕ ಮಾತ್ರ ಹೊರಗಡೆ, ಪಕ್ಕದ ಮನೆಯ ಅಂಗಳದ ಕಡೆಗೆ!

"ಮಿಸ್ತ್ರಿ, ಉಲ್ಟಾ ಕೂಡಿಸೀರಲ್ಲ?"

"ಬಾಜೂ ಮನಿ ನೀಲಮ್ಮಕ್ಕ ಹಿಂಗೇ ಮಾಡು ಅಂದಾರ್ರಿ."

ನೀಲಮ್ಮಕ್ಕನನ್ನು ಕೇಳಿದೆ. "ನೀ ಘಾಟಬೋರಾಳಕ್ಕ ಹೋದಾಗೆಲ್ಲ ಖಿಡಕಿ ತೆರದಿಟ್ಟು ಹೋಗ್ತಿ ತಮ್ಮಾ. ಮಳಿ ಬಂದ್ರ ನಿನ್ನ ರೇಡಿಯೋ ತೋಯ್ತದ. ಮುಚ್ಚೋರು ಯಾರು, ನಾನೇ ಅಲ್ಲ?"

ಬೈಯಬೇಕೋ ಕೈ ಮುಗಿಯಬೇಕೋ ತಿಳಿಯದೆ ನಿಂತೆ. ಈಗ ನನ್ನ ಕಿಟಕಿ ತೆರೆಯಬೇಕಾದರೆ ನಾನು ಅವರ ಅಂಗಳಕ್ಕೇ ಹೋಗಬೇಕು. ಹಳೆಯ ಕಿಟಕಿಯಲ್ಲಿ ಗಾಳಿಯಾದರೂ ಯಾರನ್ನೂ ಕೇಳದೆ ಬರುತ್ತಿತ್ತು.